ಸೂಟಿಯ ದಿನಗಳಲ್ಲಿ ಕಡಲ ನಡುಗಡ್ಡೆ

ಚೈತ್ರವು ಕಾಲಿಟ್ಟಿತೆಂದರೆ ನಮ್ಮ ಬಯಲುಸೀಮೆಯ ಮನೆಗಳಲ್ಲಿ ಒಂದು ಮಾತು ಏಳುವದು: ಈ ಸಲ ಸೂಟಿಗೆ ಎಲ್ಲಿಗೆ? ಹಿಂದಿನವರಿಗೆ ಈ ಪ್ರಶ್ನೆಯೇ ಇರಲಿಲ್ಲ. ಸೂಟಿಯೆಂದರೆ ಮಕ್ಕಳಿಗೆ ಅಜ್ಜಿಯ ಮನೆ, ತಾಯಿಗೆ ತವರುಮನೆ, ಯಜಮಾನನಿಗೆ ಹೊಲದ ಒಡ್ಡು ಸರಿಪಡಿಸುವ ಕಾಲ, ಇಷ್ಟೇ ಆಗಿತ್ತು. ಊರು ಬಿಟ್ಟು ದೂರ ಹೋಗುವದಾದರೆ ಅದು ಜಾತ್ರೆ, ಇಲ್ಲವೆ ಯಾತ್ರೆ. ಈಗ ಕಾಲವು ಬೇರೆಯಾಗಿದೆ. ಅಂಗೈಯಗಲದ ಮೊಬೈಲಿನಲ್ಲಿ ಲೋಕವೆಲ್ಲ ಮನೆಯೊಳಗೆ ಬಂದು ಕುಳಿತಿರುವದರಿಂದ ಬೆಟಗೇರಿಯ ಮಗ್ಗದ ಮನೆಯ ಹುಡುಗನೂ, ಶಿರಹಟ್ಟಿಯ ಒಕ್ಕಲುತನದ ಮನೆಯ ಹುಡುಗಿಯೂ ಭೂಮಧ್ಯಸಮುದ್ರದ ನಡುಗಡ್ಡೆಗಳ ಚಿತ್ರಗಳನ್ನು ನೋಡುತ್ತಾರೆ. ನೀಲಿಯ ನೀರು, ಬಿಳಿಯ ಮರಳು, ತಂದೆತಾಯಿಗಳೊಡನೆ ನೀರಿನಲ್ಲಿ ಆಡುವ ಮಕ್ಕಳು. ನಮ್ಮನ್ನೂ ಅಲ್ಲಿಗೆ ಕರೆದೊಯ್ಯಿರೆಂದು ಅವರು ಕೇಳಿದರೆ ಆಶ್ಚರ್ಯವೇನು?

ಮುಂಡರಗಿ ತಾಲೂಕಿನ ವಾಚಕರೊಬ್ಬರು ಇದೇ ವಿಷಯವಾಗಿ ನಮಗೆ ಪತ್ರ ಬರೆದಿದ್ದಾರೆ. ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೇಳಿಕೊಂಡಿರುವರು. ಅವರ ಮಕ್ಕಳಿಬ್ಬರೂ ಕಡಲ ನಡುಗಡ್ಡೆಯನ್ನು ನೋಡಲೇಬೇಕೆಂದು ಹಟ ಹಿಡಿದಿದ್ದಾರೆ. ಅವರ ವೃದ್ಧ ತಾಯಿಯವರು, ಪರ್ವದಿನವಲ್ಲದೆ ಸಮುದ್ರವನ್ನು ಮುಟ್ಟಬಾರದೆಂದು ಹಿರಿಯರು ಹೇಳಿರುವಾಗ ಆಟಕ್ಕೆಂದು ಅಲ್ಲಿಗೆ ಹೋಗುವದೆಂತು ಎಂದು ಕೇಳುತ್ತಾರೆ. ಮನೆಯ ಗೃಹಿಣಿಯು ಮಾತ್ರ, "ಅಲ್ಲಿಯೂ ಒಲೆಯ ಮುಂದೆ ನಾನೇ ಕೂಡ್ರುವದಾದರೆ ನನಗೆ ನಮ್ಮೂರೇ ಸಾಕು" ಎಂದರಂತೆ. ಈ ಮೂರು ಮಾತುಗಳಲ್ಲಿ ಯಾವದನ್ನು ನಡೆಸಬೇಕೆಂಬುದು ಅವರ ಪ್ರಶ್ನೆ. ಮೂರರಲ್ಲಿಯೂ ಸತ್ಯವಿದೆಯೆಂದೂ, ಮೂರನ್ನೂ ನಡೆಸಬಹುದೆಂದೂ ನಮ್ಮ ಅಭಿಪ್ರಾಯ. ಒಂದೊಂದನ್ನೇ ವಿಚಾರಿಸೋಣ.

ಮೊದಲು ಮಕ್ಕಳ ಮಾತು. ಅವರು ಚಿತ್ರದಲ್ಲಿ ಕಂಡ ಕಡಲು ಬೇರೆ, ನಮ್ಮ ಕಡಲು ಬೇರೆ ಎಂಬುದನ್ನು ಅವರಿಗೆ ಮೊದಲು ತಿಳಿಸಬೇಕು. ಕ್ರೀಟ, ಮಾಲ್ಟಾ, ಸೈಪ್ರಸ್, ಮಜೋರ್ಕಾ ಮೊದಲಾದ ನಡುಗಡ್ಡೆಗಳಿರುವ ಭೂಮಧ್ಯಸಮುದ್ರವು ಸುತ್ತಲೂ ನೆಲದಿಂದ ಆವೃತವಾದುದು. ಮಹಾಸಾಗರದೊಡನೆ ಅದಕ್ಕಿರುವ ಸಹಜವಾದ ಬಾಗಿಲು ಜಿಬ್ರಾಲ್ಟರಿನ ಜಲಸಂಧಿಯೊಂದೇ. ಅದರ ಅತ್ಯಂತ ಇಕ್ಕಟ್ಟಾದ ಸ್ಥಳದ ಅಗಲವು ಸುಮಾರು ೧೪ ಕಿಲೋಮೀಟರು ಮಾತ್ರ. ಆದಕಾರಣ ಅಲ್ಲಿ ಭರತ-ಇಳಿತಗಳು ಬಹಳ ಅಲ್ಪ. ಹೆಚ್ಚಿನ ಕಡೆಗಳಲ್ಲಿ ನೀರು ಗೇಣು-ಮೊಳಗಳಿಗಿಂತ ಹೆಚ್ಚಾಗಿ ಏರುವದೂ ಇಲ್ಲ, ಇಳಿಯುವದೂ ಇಲ್ಲ. ಇನ್ನೊಂದು ಮುಖ್ಯ ಭೇದವು ಋತುವಿನದು. ಅಲ್ಲಿ ಮಳೆಯು ಚಳಿಗಾಲದಲ್ಲಿ ಬೀಳುವದು. ಜೂನದಿಂದ ಆಗಸ್ಟದವರೆಗೆ ಆಕಾಶವು ನಿರ್ಮಲವಾಗಿದ್ದು ನೀರು ಬೆಚ್ಚಗಿರುವದು. ಆ ದೇಶಗಳ ಶಾಲೆಗಳಿಗೆ ಸೂಟಿಯೂ ಆಗಲೇ. ನಮ್ಮಲ್ಲಿ ಇದಕ್ಕೆ ಸರಿಯಾಗಿ ವಿರುದ್ಧ. ಜೂನದ ಆರಂಭಕ್ಕೆ ನೈಋತ್ಯದ ಮುಂಗಾರು ಕರಾವಳಿಗೆ ಬಡಿಯುವದು. ಗದುಗಿನಲ್ಲಿ ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು ಮಳೆಯಾದರೆ ಕಾರವಾರದಲ್ಲಿ ಅದರ ನಾಲ್ಕೈದು ಪಟ್ಟು ಮಳೆಯಾಗುವದು. ಆ ದಿನಗಳಲ್ಲಿ ಕಡಲು ರುದ್ರರೂಪವನ್ನು ತಾಳುವದು. ಆದ್ದರಿಂದಲೇ ಪಶ್ಚಿಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಯು ನಿಷಿದ್ಧವಾಗಿದೆ. ಮೀನುಗಳು ಮರಿಮಾಡುವ ಕಾಲವೆಂಬುದು ಒಂದು ಕಾರಣ, ಮೀನುಗಾರರ ಪ್ರಾಣರಕ್ಷಣೆಯು ಇನ್ನೊಂದು. ಹುಟ್ಟಿದಂದಿನಿಂದ ಕಡಲನ್ನು ಬಲ್ಲವರೇ ದೋಣಿಯನ್ನು ದಂಡೆಗೆ ಏರಿಸುವ ಕಾಲದಲ್ಲಿ ಬಯಲುಸೀಮೆಯವರು ನೀರಿಗೆ ಇಳಿಯುವದು ವಿವೇಕವಲ್ಲ.

ನಮ್ಮ ಬೇಸಗೆಯ ಸೂಟಿಯು ಏಪ್ರಿಲ್ ನಡುವಿನಿಂದ ಮೇ ತಿಂಗಳ ಕೊನೆಯವರೆಗೆ ಇರುತ್ತದೆ. ಅದರಲ್ಲಿ ಮೊದಲಿನ ಮೂರು ವಾರಗಳು ಕಡಲಿಗೆ ತಕ್ಕವು. ಮೇ ತಿಂಗಳ ಅರ್ಧವು ಕಳೆದ ಮೇಲೆ ಗಾಳಿಯೂ ತೆರೆಯೂ ಬಲಿಯುವವು. ಸಾಧ್ಯವಿದ್ದವರು ಮಾರ್ಗಶೀರ್ಷದಿಂದ ಮಾಘದವರೆಗಿನ ತಿಂಗಳುಗಳನ್ನೇ ಆರಿಸಿಕೊಳ್ಳಬೇಕು. ಆಗ ಬಿಸಿಲು ಹದ, ಕಡಲು ಶಾಂತ. ಸಂಕ್ರಾಂತಿಯ ಸುತ್ತಮುತ್ತ ಎರಡು ಮೂರು ದಿನದ ಬಿಡುವು ಸಿಕ್ಕರೂ ಮೇ ತಿಂಗಳ ಹತ್ತು ದಿನಕ್ಕಿಂತ ಅದು ಮೇಲು.

ಕಡಲು ನಮ್ಮವರಿಗೆ ತೀರ ಪರಕೀಯವೆಂದು ಭಾವಿಸಬೇಕಾಗಿಲ್ಲ. ಗದಗ ಸೀಮೆಯ ಹತ್ತಿಯು ಒಂದು ಕಾಲಕ್ಕೆ ಹೇರೆತ್ತುಗಳ ಬೆನ್ನಮೇಲೆಯೂ, ತರುವಾಯ ಚಕ್ಕಡಿಗಳಲ್ಲಿಯೂ ಘಟ್ಟವಿಳಿದು ಕುಮಠೆಯ ಬಂದರಕ್ಕೆ ಹೋಗಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ಧಾರವಾಡ ಸೀಮೆಯ ಹೊಲಗಳಲ್ಲಿ ಬೆಳೆದ ಹತ್ತಿಗೆ ವಿಲಾಯತಿಯ ಪೇಟೆಯಲ್ಲಿ 'ಕುಮಠಾ' ಎಂಬ ಹೆಸರೇ ನಿಂತುಬಿಟ್ಟಿತು. ಅಮೇರಿಕೆಯಲ್ಲಿ ೧೮೬೧ರಿಂದ ೧೮೬೫ರವರೆಗೆ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ನಿಂತುಹೋದಾಗ ನಮ್ಮ ಹತ್ತಿಗೆ ಬಂದ ಬೆಲೆಯು ಬಹಳ. ಆ ಸಮಯಕ್ಕೇ, ೧೮೬೨ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸ ಇಲಾಖೆಯಿಂದ ತೆಗೆದು ಮುಂಬಯಿ ಇಲಾಖೆಗೆ ಕೂಡಿಸಿದರು. ಕಾರವಾರದ ಬಂದರವನ್ನು ಹತ್ತಿಯ ಸಲುವಾಗಿ ಬೆಳೆಸಬೇಕೆಂಬ ಉದ್ದೇಶವು ಅದರ ಹಿಂದೆ ಇತ್ತು. ೧೮೮೦ರ ದಶಕದ ಕೊನೆಯಲ್ಲಿ ಹುಬ್ಬಳ್ಳಿ-ಲೋಂಡಾ ಮಾರ್ಗವಾಗಿ ಮುರಗಾಂವಿಗೆ ಉಗಿಬಂಡಿಯು ಓಡತೊಡಗಿದ ಮೇಲೆ ಕುಮಠೆ-ಕಾರವಾರಗಳ ವ್ಯಾಪಾರವು ಇಳಿಯಿತು; ಘಟ್ಟದ ದಾರಿಯ ಗಾಡಿಗಳೂ ಕಡಿಮೆಯಾದವು. ಸಾರಾಂಶ, ಇಂದು ಮೋಟಾರಿನಲ್ಲಿ ಕುಳಿತು ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆಗಳ ಮಾರ್ಗವಾಗಿ ಸುಮಾರು ೨೨೫ ಕಿಲೋಮೀಟರು ದೂರದ ಕಾರವಾರಕ್ಕೆ ಹೋಗುವ ಮಕ್ಕಳು ತಮ್ಮ ಮುತ್ತಜ್ಜಂದಿರ ಹತ್ತಿಯ ಗಾಡಿಗಳ ದಿಕ್ಕಿನಲ್ಲಿಯೇ ಹೋಗುತ್ತಾರೆ. ಹುಬ್ಬಳ್ಳಿ-ಅಂಕೋಲೆಯ ರೈಲುಮಾರ್ಗವು ಇನ್ನೂ ಪೂರ್ಣಗೊಂಡಿಲ್ಲ. ಅದು ಆಗುವವರೆಗೆ ರೈಲಿನ ಪ್ರವಾಸವೇ ಬೇಕೆನ್ನುವವರು ಗೋವೆಯನ್ನು ಸುತ್ತಿಕೊಂಡು, ೧೯೯೮ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲಿನಿಂದ ಕಾರವಾರವನ್ನು ಮುಟ್ಟಬೇಕಾಗುವದು.

ಸಂಸಾರ ಸಮೇತ ಕಡಲ ತೀರದಲ್ಲಿ ಕೆಲವು ದಿನ ಇರುವದು ಕೇವಲ ಪರದೇಶದವರ ಚಾಳಿಯೆನ್ನುವವರಿಗೆ ಒಂದು ಉದಾಹರಣೆಯನ್ನು ಹೇಳುವೆವು. ಸತ್ಯೇಂದ್ರನಾಥ ಠಾಕೂರರು ಐ.ಸಿ.ಎಸ್. ಪರೀಕ್ಷೆಯಲ್ಲಿ ಉತ್ತೀರ್ಣರಾದ ಮೊದಲನೆಯ ಭಾರತೀಯರು. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಮನೆಯವರ ತಂಡವೊಂದು ಕಲಕತ್ತೆಯಿಂದ ಅಲ್ಲಿಗೆ ಬಂದಿತು. ಅದರಲ್ಲಿ ಅವರ ತಮ್ಮನಾದ ರವೀಂದ್ರನಾಥರೂ ಇದ್ದರು. ಆಗ ಅವರಿಗೆ ಇಪ್ಪತ್ತೆರಡರ ಪ್ರಾಯ. ಗಾಳಿಮರಗಳ ತೋಪು, ಅರ್ಧಚಂದ್ರಾಕಾರದ ತೀರ, ಬೆಟ್ಟಗಳ ನಡುವಿನಿಂದ ಬಂದು ಕಡಲನ್ನು ಸೇರುವ ಕಾಳಿ ನದಿ ಇವು ಅವರ ಮನಸ್ಸನ್ನು ಸೆಳೆದವು. ಒಂದು ಬೆಳದಿಂಗಳ ರಾತ್ರಿ ಚಿಕ್ಕ ದೋಣಿಯಲ್ಲಿ ನದಿಯ ಮೇಲಕ್ಕೆ ಹೋಗಿ, ಇಳಿತದ ನೀರಿನೊಡನೆ ತೇಲುತ್ತ ಮರಳಿ, ಮರಳಿನ ಮೇಲೆ ನಡೆಯುತ್ತ ಮನೆ ಸೇರಿದುದನ್ನು ತಮ್ಮ ಜೀವನಸ್ಮೃತಿಯಲ್ಲಿ ಅವರು ನೆನೆದಿದ್ದಾರೆ. 'ಪ್ರಕೃತಿಯ ಪ್ರತಿಶೋಧ' ಎಂಬ ಅವರ ನಾಟಕವು ಅಲ್ಲಿಯೇ ರಚಿತವಾಗಿ ೧೮೮೪ರಲ್ಲಿ ಪ್ರಕಟವಾಯಿತು. ಕಾರವಾರದ ಕಡಲ ತೀರಕ್ಕೆ ಇಂದು ಅವರ ಹೆಸರೇ ಇದೆ. ಬಿಡುವಿನ ದಿನಗಳು ವ್ಯರ್ಥವೆಂದು ಹೇಳುವವರು ಇದನ್ನು ಸ್ವಲ್ಪ ವಿಚಾರಿಸಬೇಕು.

ಇನ್ನು ನಡುಗಡ್ಡೆಗಳು. ಕಾರವಾರದ ಎದುರಿಗೆ ಕಡಲಿನಲ್ಲಿ ಹಲವಾರು ನಡುಗಡ್ಡೆಗಳಿವೆ. ಕೂರ್ಮಗಡವು ಆಮೆಯ ಬೆನ್ನಿನಂತೆ ಕಾಣುವದು. ಅಲ್ಲಿ ನರಸಿಂಹ ದೇವರ ಗುಡಿಯಿದ್ದು ಪುಷ್ಯ ಹುಣ್ಣಿಮೆಗೆ ಜಾತ್ರೆಯಾಗುವದು. ದೇವಗಡದ ಮೇಲೆ ಬ್ರಿಟಿಷರ ಕಾಲದ ದೀಪಸ್ತಂಭವಿದೆ. ಅಂಜದೀವವು ಪೋರ್ತುಗೀಜರ ಇತಿಹಾಸದಿಂದ ಪ್ರಸಿದ್ಧವಾದರೂ ಈಗ ನೌಕಾದಳದ ವಶದಲ್ಲಿರುವದರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ. ಹೊನ್ನಾವರದ ಹತ್ತಿರ ಕೆಳದಿಯ ಅರಸರ ಕೋಟೆಯುಳ್ಳ ಬಸವರಾಜದುರ್ಗವಿದೆ. ಮುರ್ಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರಿನಷ್ಟು ದೂರದ ನೇತ್ರಾಣಿಯು ಹವಳದ ಜೀವಿಗಳಿಗೂ ಬಣ್ಣದ ಮೀನುಗಳಿಗೂ ಹೆಸರಾದದ್ದು; ಆದರೆ ಅದು ನೀರಿನಡಿ ಮುಳುಗಿ ನೋಡುವವರ ಸ್ಥಳವೇ ಹೊರತು ಮುದುಕರು-ಮಕ್ಕಳು ಕೂಡಿದ ಸಂಸಾರದ್ದಲ್ಲ.

ಮಕ್ಕಳಿಗೆ ನಿಜವಾಗಿಯೂ ಒಂದು ನಡುಗಡ್ಡೆಯನ್ನು ತೋರಿಸಬೇಕೆಂದರೆ, ಹಾದಿಯು ಇನ್ನಷ್ಟು ದೂರವಾದರೂ, ಉಡುಪಿಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪಗಳು ಉತ್ತಮ. ವಾಸ್ಕೊ ಡ ಗಾಮನು ೧೪೯೮ರಲ್ಲಿ ಇಲ್ಲಿಗೆ ಬಂದು ಈ ಹೆಸರಿಟ್ಟನೆಂಬ ಮಾತು ಪ್ರಚಾರದಲ್ಲಿದೆ. ಹೆಸರಿಗಿಂತ ಅಲ್ಲಿಯ ಕಲ್ಲು ದೊಡ್ಡದು. ಐದು ಮೂಲೆ, ಆರು ಮೂಲೆಯ ಕಂಬಗಳನ್ನು ಬಡಗಿಯು ಕಡೆದು ಒಟ್ಟಿದಂತೆ ನಿಂತಿರುವ ಆ ಬಂಡೆಗಳು ಮನುಷ್ಯರ ಕೆಲಸವಲ್ಲ. ಭೂಗರ್ಭದಿಂದ ಉಕ್ಕಿದ ಬೆಂಕಿಯ ರಸವು ನಿಧಾನವಾಗಿ ಆರಿ ಕುಗ್ಗುವಾಗ, ಬತ್ತಿದ ಕೆರೆಯ ಎರೆಮಣ್ಣು ಬಿರಿಯುವಂತೆ, ಬಿರಿದು ಕಂಬಗಳಾಯಿತು. ನಮ್ಮ ಕರಿನೆಲದ ಮಕ್ಕಳಿಗೆ ಇದನ್ನು ತಿಳಿಸಲು ಬೇರೆ ಪುಸ್ತಕವೇ ಬೇಡ. ವೈಶಾಖದಲ್ಲಿ ತಮ್ಮ ಹೊಲವು ಹೇಗೆ ಬಾಯಿ ಬಿಡುವದೆಂಬುದನ್ನು ಅವರು ಬಲ್ಲರು. ಇದು ಆದದ್ದು ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರೆಯಾಗಿ ಸರಿಯುತ್ತಿದ್ದ ಕಾಲದಲ್ಲಿ, ಎಂದು ಶಾಸ್ತ್ರಜ್ಞರು ಹೇಳುವರು. ಭಾರತದ ಭೂವೈಜ್ಞಾನಿಕ ಇಲಾಖೆಯು ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ. ಮಲ್ಪೆಯಿಂದ ದೋಣಿಗಳು ಮಳೆಗಾಲದ ಹೊರತು ಉಳಿದ ತಿಂಗಳುಗಳಲ್ಲಿ ಓಡುವವು. ಅಲ್ಲಿ ನೋಡುವದು ಮುಖ್ಯ, ಸ್ನಾನವು ಗೌಣ. ಬಂಡೆಗಳ ನಡುವಿನ ನೀರು ಮೋಸಗಾರ.

ಎರಡನೆಯದು ಅಜ್ಜಿಯ ಮಾತು. ಪರ್ವಕಾಲದಲ್ಲಲ್ಲದೆ ಕಡಲನ್ನು ಮುಟ್ಟಬಾರದೆಂಬ ಹಿರಿಯರ ವಿಧಿಯನ್ನು ನಾವು ಹಗುರಾಗಿ ಕಾಣುವದಿಲ್ಲ. ನಮ್ಮ ಸೀಮೆಯ ವಿದ್ಯಾರ್ಥಿಗಳು ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದೆಂದು ಬಾಯಿಪಾಠ ಮಾಡಿದರು. ಆದರೆ ಅವರಲ್ಲಿ ಹಲವರು ಕಡಲನ್ನು ಕಣ್ಣಿನಿಂದ ಕಂಡದ್ದಿಲ್ಲ. ಕಾಣದವನಿಗೆ ಕಡಲು ಅಲಂಕಾರ. ಕಂಡವನಿಗೆ ಅದು ಭಯ-ಭಕ್ತಿಗಳ ಸ್ಥಾನ. ಸಂಸ್ಕೃತದಲ್ಲಿ 'ವೇಲಾ' ಎಂಬ ಶಬ್ದವೊಂದೇ ದಂಡೆಗೂ, ಎಲ್ಲೆಗೂ, ಭರತಕ್ಕೂ, ಕಾಲಕ್ಕೂ ಸಲ್ಲುವದು. 'ದ್ವೀಪ' ಶಬ್ದವೂ ಹಾಗೆಯೇ ಅರ್ಥವತ್ತಾದುದು. 'ದ್ವಿ' ಮತ್ತು 'ಅಪ್' ಸೇರಿ, ಎರಡೂ ಕಡೆಗೆ ನೀರುಳ್ಳದ್ದು ಎಂದಾಗುವದು. ಎಲ್ಲೆಯನ್ನೂ ಕಾಲವನ್ನೂ ಒಂದೇ ಶಬ್ದದಲ್ಲಿ ಹಿಡಿದಿಟ್ಟ ನಮ್ಮ ಪೂರ್ವಿಕರು ಕಡಲಿಗೆ ಹೋಗುವವನು ಇವೆರಡನ್ನೂ ತಿಳಿದಿರಬೇಕೆಂಬುದನ್ನು ಮರೆತವರಲ್ಲ. ಆಟಕ್ಕೆಂದು ಹೋದವನಿಗೂ ಈ ಮಾತು ಸಲ್ಲುವದು.

ಈಗ ಪರ್ವದಿನದ ಗುಟ್ಟನ್ನು ನೋಡೋಣ. ಅಮಾವಾಸ್ಯೆ-ಹುಣ್ಣಿಮೆಗಳಲ್ಲಿ ಸೂರ್ಯ-ಚಂದ್ರರ ಆಕರ್ಷಣೆಯು ಒಂದೇ ನೇರಕ್ಕೆ ಕೂಡಿಬರುವದರಿಂದ ಭರತವು ಅತ್ಯಂತ ಮೇಲೆ ಏರುವದು, ಇಳಿತವು ಅತ್ಯಂತ ಕೆಳಗೆ ಇಳಿಯುವದು. ಅಷ್ಟಮಿಯ ಸುಮಾರಿಗೆ ಈ ಏರಿಳಿತವು ಎಲ್ಲಕ್ಕೂ ಕಡಿಮೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತಕ್ಕೂ ಮುಂದಿನ ಭರತಕ್ಕೂ ನಡುವೆ ಹನ್ನೆರಡು ತಾಸು ಇಪ್ಪತ್ತೈದು ನಿಮಿಷಗಳ ಸುಮಾರು. ಆದುದರಿಂದ ಭರತವು ದಿನದಿನಕ್ಕೆ ಐವತ್ತು ನಿಮಿಷದಷ್ಟು ಹಿಂದೆ ಬೀಳುವದು. ಎರಡು ಘಳಿಗೆಯೆಂದರೆ ೪೮ ನಿಮಿಷ. ತಿಥಿಗೆ ಎರಡು ಘಳಿಗೆಯೆಂದು ಲೆಕ್ಕ ಹಿಡಿದರೆ ಪಂಚಾಂಗ ಬಲ್ಲ ಅಜ್ಜಿಯೇ ಮನೆಯ ಮಕ್ಕಳಿಗೆ ಕಡಲ ಕಾಲವನ್ನು ಹೇಳಬಲ್ಲಳು. ಮುಟ್ಟಿದ ಮೊದಲ ದಿನ ಮೀನುಗಾರರನ್ನು ಕೇಳಿ ಭರತದ ಹೊತ್ತನ್ನು ತಿಳಿದುಕೊಳ್ಳಿರಿ. ಮುಂದಿನ ದಿನಗಳ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿರಿ. ನಾವು ಶಾಲೆಯ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಚಂದ್ರನನ್ನು ಬರೆದು ಕಲಿಸಿದ ಪಾಠವು ಅರೆಗಳಿಗೆಯಲ್ಲಿ ಮರೆತುಹೋಗುತ್ತಿತ್ತು. ದಂಡೆಯ ಮೇಲೆ ಕಲಿತದ್ದು ಮರೆಯುವದಿಲ್ಲ. ಅಜ್ಜಿಯವರು ಹುಣ್ಣಿಮೆಯ ದಿನವೇ ಬರಲಿ, ಗೋಕರ್ಣದ ಮಹಾಬಲೇಶ್ವರನ ದರ್ಶನವನ್ನೂ ಮಾಡಲಿ, ದಂಡೆಯಲ್ಲಿ ಕುಳಿತು ನೀರನ್ನು ತಲೆಗೆ ಪ್ರೋಕ್ಷಿಸಿಕೊಳ್ಳಲಿ. ಆದರೆ ಅದೇ ದಿನ ನೀರಿನ ಸೆಳೆತವು ಬಲವಾಗಿರುವದೆಂಬುದನ್ನು ಮಗನು ನೆನಪಿನಲ್ಲಿಡಲಿ. ಮಕ್ಕಳ ಆಟಕ್ಕೆ ಅಷ್ಟಮಿ-ನವಮಿಗಳು ಲೇಸು.

ಇಲ್ಲಿಗೆ ನಾವು ಅತಿ ಮುಖ್ಯವಾದ ವಿಷಯಕ್ಕೆ ಬಂದೆವು. ೨೦೧೯ರ ಜನವರಿ ೨೧ರಂದು, ಪುಷ್ಯ ಹುಣ್ಣಿಮೆಯ ದಿನ, ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಕಾರವಾರದ ಹತ್ತಿರ ಮಗುಚಿ ಹದಿನೈದಕ್ಕೆ ಕಡಿಮೆಯಿಲ್ಲದಷ್ಟು ಜನರು ತೀರಿಕೊಂಡರು. ಅವರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಕುಟುಂಬದವರೂ ಇದ್ದರು. ದೋಣಿಯಲ್ಲಿ ಅಳತೆ ಮೀರಿ ಜನರಿದ್ದರೆಂದೂ, ಬಹುಜನರು ತೇಲುವ ಕವಚವನ್ನು ತೊಟ್ಟಿರಲಿಲ್ಲವೆಂದೂ ಆಗಿನ ವರದಿಗಳು ಹೇಳಿದವು. ೨೦೨೪ರ ಡಿಸೆಂಬರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿದರು. ಇವೆರಡೂ ಮಳೆಗಾಲದ ಮಾತಲ್ಲ. ಕಡಲು ಶಾಂತವೆನ್ನುವ ಚಳಿಗಾಲದಲ್ಲಿಯೇ ಆದವುಗಳು. ಪ್ರವಾಸಕ್ಕೆ ಹೊರಡುವ ಮನೆಯಲ್ಲಿ ಇಂಥ ಮಾತು ಅಶುಭವೆಂದು ಕೆಲವರು ಕಿವಿ ಮುಚ್ಚಿಕೊಳ್ಳುವರು. ಮಕ್ಕಳನ್ನು ಕ್ಷೇಮವಾಗಿ ಮರಳಿ ತರುವದಕ್ಕಿಂತ ಶುಭವಾದದ್ದು ಯಾವದು?

ನಮ್ಮವರು ಈಜು ಕಲಿಯುವದು ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಹೆಚ್ಚೆಂದರೆ ತುಂಗಭದ್ರೆಯ ಮಡುವಿನಲ್ಲಿ. ಬಾವಿಯ ನೀರು ನಿಂತ ನೀರು. ಹೊಳೆಯ ನೀರು ಒಂದೇ ಕಡೆಗೆ ಹರಿಯುವದು. ಕಡಲಿನ ನೀರು ಮುಂದಕ್ಕೂ ಹಿಂದಕ್ಕೂ ಹೋಗುವದು. ತೆರೆಗಳು ದಂಡೆಗೆ ತಂದು ಸುರಿದ ನೀರು ಮರಳಿ ಹೋಗಲೇಬೇಕಷ್ಟೆ. ಅದು ಮರಳಿನ ದಿಬ್ಬಗಳ ನಡುವೆ ಒಂದು ಇಕ್ಕಟ್ಟಾದ ಕಾಲುವೆಯನ್ನು ಮಾಡಿಕೊಂಡು ರಭಸದಿಂದ ಒಳಕ್ಕೆ ಓಡುವದು. ಅಲ್ಲಿ ನೀರು ಆಳವಾಗಿರುವದರಿಂದ ತೆರೆಗಳು ಒಡೆಯುವದು ಕಡಿಮೆ. ನೋಡುವವನಿಗೆ ಆ ಸ್ಥಳವೇ ಶಾಂತವೆಂದು ತೋರುವದು. ಅಕ್ಕಪಕ್ಕದಲ್ಲಿ ನೊರೆಯಿದ್ದು ನಡುವೆ ಕಪ್ಪಾದ ಸಮತಟ್ಟು ನೀರು ಕಂಡರೆ ಅದೇ ಮೋಸದ ಬಾಗಿಲು. ಇದರ ಸೆಳೆತಕ್ಕೆ ಸಿಕ್ಕವನು ನೇರವಾಗಿ ದಂಡೆಯ ಕಡೆಗೆ ಈಜಲು ಹೋಗಿ ಸೋತು ಮುಳುಗುವನು. ಹಾಗೆ ಮಾಡದೆ ಮೈಯನ್ನು ಸಡಿಲಬಿಟ್ಟು ತೇಲಬೇಕು, ಕೈಯೆತ್ತಿ ಕೂಗಬೇಕು, ಈಜಬಲ್ಲವನಾದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಕಾಲುವೆಯಿಂದ ಹೊರಬಿದ್ದು ಆಮೇಲೆ ದಂಡೆಯ ಕಡೆಗೆ ತಿರುಗಬೇಕು.

ಗೃಹಸ್ಥನು ಕೆಲವು ಕಟ್ಟಳೆಗಳನ್ನು ಮನೆಯಲ್ಲಿಯೇ ಮಾಡಿಕೊಂಡು ಹೊರಡುವದು ಒಳ್ಳೆಯದು. ಜೀವರಕ್ಷಕರು ಕಾವಲಿರುವ ಸ್ಥಳದ ಹೊರತು ಬೇರೆ ಕಡೆ ನೀರಿಗೆ ಇಳಿಯಬಾರದು. ಅವರು ಸೀಟಿ ಊದಿದರೆ ವಾದಿಸಬಾರದು. ಕೆಂಪು ಬಾವುಟವಿದ್ದಲ್ಲಿ ಕಾಲನ್ನೂ ಇಡಬಾರದು. ಮಕ್ಕಳಿಗೆ ಮೊಳಕಾಲಿನ ಮೇಲೆ ನೀರು ಬರಗೊಡಬಾರದು; ಅವರು ನೀರಿನಲ್ಲಿರುವಷ್ಟು ಹೊತ್ತು ಹಿರಿಯರೊಬ್ಬರು ಕೈಗೆಟಕುವಷ್ಟು ಹತ್ತಿರ ನಿಂತಿರಬೇಕು. ಆ ಹಿರಿಯರ ಕೈಯಲ್ಲಿ ಮೊಬೈಲು ಇರಬಾರದು. ಮುಳುಗುವ ಮಗುವು ಬಹಳ ಮಾಡಿ ಕೂಗುವದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಕೂಗುವದಕ್ಕೆ ಉಸಿರೆಲ್ಲಿ? ಒಬ್ಬನು ಮುಳುಗುತ್ತಿದ್ದರೆ ಮನೆಯವರೆಲ್ಲ ಕೈ ಕೈ ಹಿಡಿದು ನೀರಿಗೆ ಧುಮುಕುವದು ನಮ್ಮಲ್ಲಿ ಕಂಡುಬರುವ ದೊಡ್ಡ ಅನರ್ಥ. ಒಬ್ಬನ ಬದಲು ನಾಲ್ವರು ಹೋಗುವರು. ಹಗ್ಗವನ್ನೋ, ಸೀರೆಯನ್ನೋ, ಮುಚ್ಚಳ ಬಿಗಿದ ಬರಿಯ ಡಬ್ಬಿಯನ್ನೋ ಎಸೆದು ಸಹಾಯಕ್ಕೆ ಕೂಗಬೇಕು. ದೋಣಿ ಹತ್ತುವಾಗ ತೇಲುವ ಕವಚವನ್ನು ಮೈಗೆ ಬಿಗಿದುಕೊಂಡೇ ಹತ್ತಬೇಕು. ಮಗುವಿಗೆ ಅದರ ಅಳತೆಯದು ಇಲ್ಲವೆಂದರೆ, ದೋಣಿಯಲ್ಲಿ ಕಿಕ್ಕಿರಿದು ಜನವಿದೆಯೆಂದರೆ, ಕೊಟ್ಟ ಹಣ ಹೋದರೂ ಚಿಂತೆಯಿಲ್ಲ, ಇಳಿದುಬಿಡಬೇಕು.

ಇನ್ನೊಂದು ಮಾತನ್ನು ನೋವಿನಿಂದಲೇ ಬರೆಯುತ್ತೇವೆ. ನೀರಿನಲ್ಲಿ ಮುಳುಗಿ ಸತ್ತವರನ್ನು ಉಪ್ಪಿನ ರಾಶಿಯಲ್ಲಿ ಹುಗಿದರೆ ಬದುಕುವರೆಂಬ ಸುಳ್ಳು ಸುದ್ದಿಯೊಂದು ಮೊಬೈಲುಗಳಲ್ಲಿ ಹರಡಿದೆ. ೨೦೨೨ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಅದನ್ನು ನಂಬಿದ ತಂದೆತಾಯಿಗಳು ಮಗನ ದೇಹವನ್ನು ಉಪ್ಪಿನಲ್ಲಿಟ್ಟು ತಾಸುಗಟ್ಟಲೆ ಕಾದರು. ಪುತ್ರಶೋಕದ ಮುಂದೆ ಯಾರ ಬುದ್ಧಿಯು ನಿಲ್ಲುವದು? ಅವರನ್ನು ನಾವು ದೂರುವದಿಲ್ಲ. ಆದರೆ ಉಪ್ಪಿಗೆ ಜೀವ ಕೊಡುವ ಶಕ್ತಿಯಿಲ್ಲ. ಇದ್ದಿದ್ದರೆ ಲೀಟರಿಗೆ ೩೫ ಗ್ರಾಮು ಉಪ್ಪುಳ್ಳ ಕಡಲಿನಲ್ಲಿ ಯಾರೂ ಸಾಯುತ್ತಿರಲಿಲ್ಲ. ತಲೆಕೆಳಗೆ ಹಿಡಿದು ತಿರುಗಿಸುವದೂ, ಹೊಟ್ಟೆಯನ್ನು ಒತ್ತಿ ನೀರು ಕಕ್ಕಿಸುವದೂ ವ್ಯರ್ಥವೇ. ನೀರಿನಿಂದ ತೆಗೆದ ಕ್ಷಣಕ್ಕೆ ಒಬ್ಬರು ೧೦೮ಕ್ಕೆ ಕರೆ ಮಾಡಬೇಕು. ಉಸಿರಾಟವು ನಿಂತಿದ್ದರೆ ಇನ್ನೊಬ್ಬರು ಅಂಗಾತ ಮಲಗಿಸಿ, ಗದ್ದವನ್ನು ಮೇಲೆತ್ತಿ, ಮೂಗನ್ನು ಹಿಡಿದು ಬಾಯಿಂದ ಬಾಯಿಗೆ ಉಸಿರನ್ನು ಊದಬೇಕು. ಎದೆಯ ನಡುವೆ ಅಂಗೈಗಳನ್ನಿಟ್ಟು ನಿಮಿಷಕ್ಕೆ ೧೦೦ರಿಂದ ೧೨೦ ಸಲದ ವೇಗದಿಂದ ಒತ್ತಬೇಕು. ೩೦ ಸಲ ಒತ್ತಿದ ಮೇಲೆ ೨ ಸಲ ಉಸಿರು, ಮತ್ತೆ ೩೦. ವೈದ್ಯರು ಬರುವವರೆಗೆ ನಿಲ್ಲಿಸಬಾರದು. ಮೊದಲಿನ ಕೆಲವು ನಿಮಿಷಗಳೇ ಜೀವ. ಮನೆಯಲ್ಲಿ ಒಬ್ಬರಾದರೂ ಇದನ್ನು ಬಲ್ಲವರಿಂದ ಕೈಯಾರೆ ಮಾಡಿ ಕಲಿತಿರಬೇಕು. ಕಡಲಿಗೆ ಹೋಗದವರಿಗೂ ಇದು ಬೇಕು. ನಮ್ಮ ಕೃಷಿಹೊಂಡಗಳೂ ಬಾವಿಗಳೂ ಮಕ್ಕಳನ್ನು ನುಂಗಿದ್ದು ಕಡಿಮೆಯೇನಲ್ಲ.

ಮೂರನೆಯದು ಗೃಹಿಣಿಯ ಮಾತು. ಮೂರರಲ್ಲಿ ಇದೇ ಚಿಕ್ಕದೆಂದು ಯಜ್ಮಾನರಿಗೆ ತೋರಬಹುದು. ನಮಗೆ ಇದೇ ದೊಡ್ಡದಾಗಿ ತೋರುವದು. ಸೂಟಿಯೆಂಬುದು ಯಾರಿಗೆ? ಶಾಲೆಗೆ ಸೂಟಿಯಿದೆ, ಕಚೇರಿಗೆ ಸೂಟಿಯಿದೆ, ಒಲೆಗೆ ಸೂಟಿಯಿಲ್ಲ. ಇಡಿಯ ವರ್ಷ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕಡೆಗೆ ಮಲಗಿದವಳು, ಪ್ರವಾಸದಲ್ಲಿ ಸ್ಟೋವು, ಪಾತ್ರೆ, ಹಿಟ್ಟಿನ ಗಂಟುಗಳನ್ನು ಹೊತ್ತುಕೊಂಡು ಹೋಗಿ ಅಲ್ಲಿಯೂ ಅದನ್ನೇ ಮಾಡಿದರೆ ಅವಳಿಗೆ ಸ್ಥಾನವು ಬದಲಾಯಿತೇ ಹೊರತು ಸೂಟಿಯಾಗಲಿಲ್ಲ. ಮಕ್ಕಳು ತೆರೆಯೊಡನೆ ಆಡುವಾಗ ತಾಯಿಯು ಒದ್ದೆ ಬಟ್ಟೆಗಳನ್ನೂ ಚಪ್ಪಲಿಗಳನ್ನೂ ಕಾಯುತ್ತ ದೂರದಲ್ಲಿ ಕುಳಿತಿರುವದನ್ನು ಪ್ರತಿಯೊಂದು ಕಡಲ ತೀರದಲ್ಲಿಯೂ ಕಾಣಬಹುದು. ಅವಳ ಕಾಲಿಗೆ ಕಡಲು ಮುಟ್ಟಿತೇ ಎಂದು ಕೇಳಿದವರು ಎಷ್ಟು ಜನ?

ಇದಕ್ಕೆ ಉಪಾಯವು ಕಠಿಣವಲ್ಲ. ಹೊರಡುವ ಮುಂಚೆ ಎಲ್ಲರೂ ಕೈಗೂಡಿಸಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಚ್ಚಿದ ಅವಲಕ್ಕಿ, ಉಂಡಿಗಳ ಬುತ್ತಿಯನ್ನು ಕಟ್ಟಿಕೊಳ್ಳಲಿ. ಇವು ನಾಲ್ಕಾರು ದಿನ ಕೆಡುವದಿಲ್ಲ. ಉಳಿದ ಊಟವನ್ನು ಆ ಊರಿನ ಖಾನಾವಳಿಯಲ್ಲಿ ಮಾಡಲಿ. ಜೋಳದ ರೊಟ್ಟಿಯಿಲ್ಲದೆ ಜೀವ ನಿಲ್ಲದೆಂಬವರು ಎರಡು ದಿನ ಕುಚ್ಚಲಕ್ಕಿಯ ಗಂಜಿಯನ್ನೂ ಕೊಬ್ಬರಿಯ ಚಟ್ನಿಯನ್ನೂ ಉಂಡು ನೋಡಲಿ. ಪರರ ಅನ್ನವನ್ನು ಅರಿಯುವದೂ ಒಂದು ವಿದ್ಯೆ. ಮೀನಿನೂಟದ ಊರೆಂದು ಮೂಗು ಮುರಿಯುವದು ಅತಿಥಿಯ ಲಕ್ಷಣವಲ್ಲ. ಶಾಕಾಹಾರದ ಊಟವೂ ಅಲ್ಲಿ ಧಾರಾಳವಾಗಿ ದೊರೆಯುವದು. ದಿನಕ್ಕೊಂದು ತಾಸಾದರೂ ಯಜಮಾನನು ಮಕ್ಕಳನ್ನೂ ಚಪ್ಪಲಿಗಳನ್ನೂ ತಾನು ಕಾಯ್ದು ಗೃಹಿಣಿಯನ್ನು ಅತ್ತೆಯೊಡನೆ ನೀರಿನ ಅಂಚಿನಲ್ಲಿ ನಡೆದಾಡಲು ಕಳಿಸಲಿ. ಇಷ್ಟು ಮಾಡಿದರೆ ಆಕೆಯ ಆಕ್ಷೇಪವು ಉಳಿಯಲಾರದೆಂದು ನಂಬುವೆವು.

ಖರ್ಚಿನ ವಿಷಯವಾಗಿ ಒಂದೇ ಮಾತು: ಸಾಲ ಮಾಡಿ ಕಡಲನ್ನು ನೋಡಬಾರದು. ತೆರೆಯು ಹಿಂದೆ ಸರಿದ ಮೇಲೆಯೂ ಬಡ್ಡಿಯು ಮುಂದೆ ಬರುತ್ತಲೇ ಇರುವದು. ವರ್ಷವಿಡೀ ಒಂದು ಡಬ್ಬಿಯಲ್ಲಿ ವಾರಕ್ಕಿಷ್ಟೆಂದು ಕೂಡಿಟ್ಟು, ಮಕ್ಕಳಿಂದಲೇ ಲೆಕ್ಕ ಬರೆಯಿಸಿ, ಅಷ್ಟರಲ್ಲಿ ಎರಡು ರಾತ್ರಿಯ ಪ್ರವಾಸವಾದರೂ ಅದು ಹಿರಿದೇ. ಕುಡಿಯುವ ನೀರು, ತಲೆಗೆ ವಸ್ತ್ರ, ಹಿರಿಯರ ಔಷಧ ಇವುಗಳನ್ನು ಮರೆಯಬಾರದು. ಸ್ನಾನವು ಮುಂಜಾನೆ ಇಲ್ಲವೆ ಬಿಸಿಲಿಳಿದ ಮೇಲೆ ಆಗಬೇಕು. ಕತ್ತಲಾದ ಮೇಲೆ ಕೂಡದು. ಬರಿಯ ಚಿಪ್ಪುಗಳನ್ನು ಮಕ್ಕಳು ಒಂದೆರಡು ಆಯಲಿ. ಜೀವವಿರುವದನ್ನು ನೀರಿಗೆ ಬಿಡಲಿ. ದಂಡೆಯಲ್ಲಿ ಬಿದ್ದಿರುವ ಲೋಳೆಯಂಥ ಪ್ರಾಣಿಗಳನ್ನು ಮುಟ್ಟಬಾರದು, ಸತ್ತರೂ ಅವು ಚುಚ್ಚುವವು. ನಮ್ಮ ಬುತ್ತಿಯ ಕಾಗದ-ಪ್ಲಾಸ್ಟಿಕುಗಳನ್ನು ನಮ್ಮ ಚೀಲದಲ್ಲಿಯೇ ಮರಳಿ ತರಬೇಕು; ನಡುಗಡ್ಡೆಗೆ ಕಸ ಒಯ್ಯುವ ದೋಣಿಯು ಬೇರೆ ಬರುವದಿಲ್ಲ.

ಸಮುದ್ರವು ಇಷ್ಟು ದೊಡ್ಡದಾಗಿಯೂ ತನ್ನ ವೇಲೆಯನ್ನು ಮೀರುವದಿಲ್ಲವೆಂದು ನಮ್ಮ ಕವಿಗಳು ಅದನ್ನು ಮರ್ಯಾದೆಯ ಮಾದರಿಯೆಂದು ಕೊಂಡಾಡಿದರು. ಅದು ತನ್ನ ಎಲ್ಲೆಯಲ್ಲಿ ಬರುವದು, ತನ್ನ ಹೊತ್ತಿಗೆ ಹೋಗುವದು. ಅದರ ಬಳಿಗೆ ಹೋಗುವ ಮನುಷ್ಯನು ತನ್ನ ಎಲ್ಲೆಯನ್ನೂ ಹೊತ್ತನ್ನೂ ಅರಿತಿದ್ದರೆ ಕಡಲು ತಾಯಿಯಂತೆ ಆಡಿಸುವದು. ಬಯಲುಸೀಮೆಯ ನಮ್ಮ ಮಕ್ಕಳು ಅದನ್ನು ಕಾಣಲಿ, ಅದರ ಮುಂದೆ ತಾವೆಷ್ಟು ಚಿಕ್ಕವರೆಂಬುದನ್ನು ತಿಳಿಯಲಿ, ಮೈತುಂಬ ಉಪ್ಪುಗಾಳಿಯನ್ನು ಹೊತ್ತು ಹೊರಟವರೆಲ್ಲ ಎಣಿಕೆ ತಪ್ಪದೆ ಮನೆಗೆ ಮರಳಲಿ ಎಂದು ಹಾರೈಸಿ ಈ ತಿಂಗಳ ಮಾತನ್ನು ಮುಗಿಸುವೆವು.